ಧವಲದ ಗರಿಗಳು ಯಾರ ಸ್ವತ್ತು?

ಮೂಡಬಿದಿರೆಯ ಧವಲ ಗ್ರಂಥಗಳ ಮಾತು ಬಂದಾಗಲೆಲ್ಲ ಎರಡು ಅಭಿಪ್ರಾಯಗಳು ಎದುರುಬದುರಾಗಿ ನಿಲ್ಲುತ್ತವೆ. ಮೊದಲನೆಯದು ಶ್ರದ್ಧಾವಂತರದು. ಹನ್ನೆರಡನೆಯ ಶತಮಾನದ ಈ ತಾಳೆಗರಿಗಳ ಮೇಲೆ ತೀರ್ಥಂಕರರನ್ನೂ ಯಕ್ಷಯಕ್ಷಿಯರನ್ನೂ ಬಣ್ಣದಲ್ಲಿ ಚಿತ್ರಿಸಲಾಗಿದೆ. ಹೀಗೆ ಚಿತ್ರಿಸಿದ ಗ್ರಂಥ ಓದುವುದಕ್ಕೆ ಮಾಡಿದ್ದಲ್ಲ, ಬಿಂಬದಂತೆ ದರ್ಶನ ಮಾಡಿ ಕೈಮುಗಿಯುವುದಕ್ಕೆ ಮಾಡಿದ್ದು. ಆದ್ದರಿಂದ ಬಸದಿಯವರು ಅದನ್ನು ಶತಮಾನಗಳ ಕಾಲ ಬೀಗದೊಳಗಿಟ್ಟು ಕಾಪಾಡಿದ್ದು ಸರಿ, ಅದು ಅವರ ಸ್ವತ್ತು, ಯಾರಿಗೆ ತೋರಿಸಬೇಕೆಂದು ತೀರ್ಮಾನಿಸುವ ಹಕ್ಕೂ ಅವರದೇ. ಎರಡನೆಯದು ಆಧುನಿಕ ವಿದ್ಯಾವಂತರದು. ಸಿರಿವಂತರು ಪುಣ್ಯಕ್ಕಾಗಿ ಮಾಡಿಸಿದ ಅಲಂಕಾರವೇ ಆ ಚಿತ್ರಗಳು. ಮುಖ್ಯವಾದದ್ದು ಒಳಗಿನ ಪಠ್ಯ. ಅದನ್ನು ಧರ್ಮಾಧಿಕಾರಿಗಳು ಮುಚ್ಚಿಟ್ಟರು, ಒಬ್ಬ ಪ್ರತಿಕಾರ ಗುಟ್ಟಾಗಿ ನಕಲು ಮಾಡಿ ಹೊರಗೆ ಸಾಗಿಸಿದ್ದರಿಂದ ಜ್ಞಾನಕ್ಕೆ ಬಿಡುಗಡೆ ಸಿಕ್ಕಿತು, ಪಠ್ಯ ಯಾರೊಬ್ಬರ ಸ್ವತ್ತೂ ಅಲ್ಲವಾದ್ದರಿಂದ ಅದು ಕಳವೂ ಅಲ್ಲ. ಎರಡರಲ್ಲೂ ಸ್ವಲ್ಪಸ್ವಲ್ಪ ನಿಜವಿದೆ. ಎರಡರ ಅಡಿಯಲ್ಲಿರುವ ನಂಬಿಕೆ ಮಾತ್ರ ಒಂದೇ: ಚಿತ್ರಿತ ಗ್ರಂಥ ಒಂದು ನಿಧಿ, ನಿಧಿಗೆ ಒಡೆಯ ಇರಲೇಬೇಕು, ಇರುವ ಪ್ರಶ್ನೆ ಆ ಒಡೆಯ ಬಸದಿಯೋ ಲೋಕವೋ ಎಂಬುದಷ್ಟೆ. ಈ ಸಮಾನ ನಂಬಿಕೆಯೇ ಗೊಂದಲದ ಮೂಲ. ಗರಿಯ ಮೇಲಿನ ಚಿತ್ರವನ್ನೂ ದಾನದ ವಿವರ ಬರೆದಿಟ್ಟ ಕೊನೆಯ ಗರಿಯ ಪ್ರಶಸ್ತಿಯನ್ನೂ ಜೊತೆಯಾಗಿಟ್ಟು ಓದಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಈ ಪ್ರತಿಗಳು ಷರತ್ತಿನ ಮೇಲೆ ಕೊಟ್ಟ ದಾನಗಳು. ಆ ಷರತ್ತು ಏನೆಂಬುದನ್ನು ಅವೇ ಹೇಳುತ್ತವೆ.

ಮೊದಲು ವಸ್ತುವನ್ನು ಸರಿಯಾಗಿ ಗುರುತಿಸಿಕೊಳ್ಳಬೇಕು. ದಿಗಂಬರ ಪರಂಪರೆಯ ಅತ್ಯಂತ ಹಳೆಯ ಸಿದ್ಧಾಂತ ಗ್ರಂಥ ಷಟ್ಖಂಡಾಗಮ. ಗಿರಿನಾರಿನ ಗುಹೆಯಲ್ಲಿದ್ದ ವೃದ್ಧ ಆಚಾರ್ಯ ಧರಸೇನರು ತಮ್ಮ ನೆನಪಿನಲ್ಲಷ್ಟೇ ಉಳಿದಿದ್ದ ಆಗಮವನ್ನು ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಶಿಷ್ಯರಿಗೆ ಹೇಳಿಕೊಟ್ಟರು, ಅವರು ಅದನ್ನು ಸೂತ್ರಗಳಾಗಿ ರಚಿಸಿದರು ಎಂಬುದು ಪರಂಪರೆಯ ಮಾತು. ಅದರ ಮೇಲೆ ವೀರಸೇನರು ರಾಷ್ಟ್ರಕೂಟರ ಕಾಲದಲ್ಲಿ ಬರೆದ ಮಹಾವ್ಯಾಖ್ಯಾನವೇ ಧವಲ. ಅದು 816ರಲ್ಲಿ ಮುಗಿಯಿತೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಲೆಕ್ಕ. ಅದರ ಗಾತ್ರ 72,000 ಶ್ಲೋಕ ಪ್ರಮಾಣ. ಇನ್ನೊಂದು ಹಳೆಯ ಸಿದ್ಧಾಂತ ಗ್ರಂಥವಾದ ಕಷಾಯಪಾಹುಡದ ಮೇಲೆ ವೀರಸೇನರು ಆರಂಭಿಸಿದ ಜಯಧವಲವನ್ನು ಶಿಷ್ಯ ಜಿನಸೇನರು 837ರಲ್ಲಿ ಪೂರೈಸಿದರು. ಷಟ್ಖಂಡಾಗಮದ ಆರನೆಯ ಖಂಡವಾದ ಮಹಾಬಂಧಕ್ಕೆ ಮಹಾಧವಲ ಎಂಬ ಹೆಸರು ರೂಢಿಯಲ್ಲಿದೆ. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ. ಲಿಪಿ ಮಾತ್ರ ಹಳಗನ್ನಡ. ಈ ಮೂರರ ಹಳೆಯ ತಾಳೆಗರಿ ಪ್ರತಿಗಳು ಉಳಿದದ್ದು ಮೂಡಬಿದಿರೆಯ ಗುರು ಬಸದಿಯಲ್ಲಿ. ಈ ಗ್ರಂಥಗಳಿಂದಾಗಿಯೇ ಆ ಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರೂ ಬಂತು. ದಕ್ಷಿಣದಲ್ಲಿ ಸಾಮಾನ್ಯವಾಗಿ ಗರಿಯ ಮೇಲೆ ಕಂಟದಿಂದ ಕೊರೆದು ಮಸಿ ಸವರುತ್ತಾರೆ. ಇಲ್ಲಿ ಎರಡು ಅಡಿಗೂ ಮೀರಿದ ಉದ್ದದ ಶ್ರೀತಾಳೆ ಗರಿಯ ಮೇಲೆ ಲೇಖನಿಯಿಂದ ಮಸಿಯಲ್ಲೇ ಬರೆದಿದ್ದಾರೆ. ಅಕ್ಷರಗಳು ದುಂಡಗೆ, ದಪ್ಪಗೆ, ಸಾಲುಸಾಲಾಗಿ ನಿಂತಿವೆ. ಕೆಲವು ಗರಿಗಳಲ್ಲಿ ಬರಹದ ಪಕ್ಕಕ್ಕೆ ಚೌಕಟ್ಟು ಕಟ್ಟಿ ಚಿತ್ರ ಬಿಡಿಸಿದ್ದಾರೆ: ಪಾರ್ಶ್ವನಾಥ, ಬಾಹುಬಲಿ, ಮಾವಿನ ಮರದಡಿಯ ಅಂಬಿಕೆ, ಶ್ರುತದೇವಿ, ಮುನಿಗಳು, ಕೈಮುಗಿದ ಭಕ್ತರು.

ಈಗ ಚಿತ್ರದ ಪ್ರಶ್ನೆ. ಗ್ರಂಥದೊಳಗೆ ಚಿತ್ರವಿದ್ದರೆ ಅದು ಪಠ್ಯದಲ್ಲಿರುವುದನ್ನು ಕಣ್ಣಿಗೆ ಕಾಣಿಸುತ್ತದೆ ಎಂಬುದು ನಮ್ಮ ಅಭ್ಯಾಸದ ಊಹೆ. ಗುಜರಾತ್ ಮತ್ತು ರಾಜಸ್ಥಾನದ ಶ್ವೇತಾಂಬರ ಕಲ್ಪಸೂತ್ರ ಪ್ರತಿಗಳಿಗೆ ಈ ಊಹೆ ಒಪ್ಪುತ್ತದೆ. ಅಲ್ಲಿ ಪಠ್ಯವೇ ತೀರ್ಥಂಕರರ ಚರಿತೆ. ತ್ರಿಶಲೆಯ ಕನಸುಗಳಿಂದ ಹಿಡಿದು ಮಹಾವೀರನ ಕೇಶಲೋಚದವರೆಗೆ ಒಂದೊಂದು ಘಟನೆಗೂ ಚಿತ್ರವಿದೆ. ಧವಲಕ್ಕೆ ಇದು ಒಪ್ಪುವುದೇ ಇಲ್ಲ. ಅದರ ವಿಷಯ ಕರ್ಮಸಿದ್ಧಾಂತ: ಜೀವಸ್ಥಾನ, ಬಂಧ, ವೇದನೆ, ವರ್ಗಣೆ, ಆತ್ಮೋನ್ನತಿಯ ಮೆಟ್ಟಿಲುಗಳಾದ ಹದಿನಾಲ್ಕು ಗುಣಸ್ಥಾನಗಳ ಲೆಕ್ಕಾಚಾರ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬ ಅರ್ಧಚ್ಛೇದದಂಥ ಗಣಿತವೂ ಅದರಲ್ಲಿದೆ. ಲಖನೌದ ಗಣಿತಜ್ಞ ಅವಧೇಶ್ ನಾರಾಯಣ ಸಿಂಗ್ 1940ರ ದಶಕದಲ್ಲಿ ಇದರ ಮೇಲೆ ಪ್ರತ್ಯೇಕ ಪ್ರಬಂಧವನ್ನೇ ಬರೆದರು. ಇಂಥ ಪಠ್ಯದಿಂದ ಚಿತ್ರಕಾರ ಎತ್ತಿಕೊಳ್ಳಬಹುದಾದ ಕಥೆ ಒಂದೂ ಇಲ್ಲ. ಅಂಬಿಕೆ ಆ ಪುಟಕ್ಕೆ ಬಂದದ್ದು ಆ ಪುಟದಲ್ಲಿ ಅವಳ ಪ್ರಸ್ತಾಪವಿದೆ ಎಂದಲ್ಲ. ಇದು ಮೂಡಬಿದಿರೆಯೊಂದರ ವಿಚಿತ್ರವೂ ಅಲ್ಲ. ಪಾಲರ ಕಾಲದಲ್ಲಿ ನಾಲಂದದಂಥ ಬೌದ್ಧ ವಿಹಾರಗಳಲ್ಲಿ ತಯಾರಾದ ಅಷ್ಟಸಾಹಸ್ರಿಕಾ ಪ್ರಜ್ಞಾಪಾರಮಿತಾ ಪ್ರತಿಗಳಲ್ಲೂ ಹೀಗೆಯೇ: ಪಠ್ಯ ಶೂನ್ಯತೆಯ ಮೇಲಿನ ಸಂವಾದ, ಚಿತ್ರ ಬುದ್ಧನ ಬಾಳಿನ ಎಂಟು ಘಟನೆಗಳದ್ದು ಮತ್ತು ಬೋಧಿಸತ್ತ್ವರದ್ದು. ಹಾಗಾದರೆ ಚಿತ್ರ ಏನು ಮಾಡುತ್ತದೆ?

ಶ್ರದ್ಧಾವಂತರ ಉತ್ತರ ಇಲ್ಲಿ ಮುನ್ನುಗ್ಗುತ್ತದೆ: ಪಠ್ಯವನ್ನು ವಿವರಿಸದಿದ್ದರೆ ಚಿತ್ರಗಳು ಪೂಜೆಗೇ ಇರಬೇಕು. ಅರ್ಧ ದಾರಿಯವರೆಗೆ ಇದು ಸರಿ. ಶ್ರುತದೇವಿಯನ್ನು ಶಾಸ್ತ್ರದ ಗರಿಯ ಮೇಲೆ ಬರೆದಾಗ ಶಾಸ್ತ್ರಕ್ಕೆ ಪೂಜ್ಯತೆ ಬರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಪೂಜ್ಯವಾದದ್ದು ಓದಲು ತಕ್ಕದ್ದಲ್ಲ ಎಂಬ ತೀರ್ಮಾನ ಎಲ್ಲಿಂದ ಬಂತು? ಆ ಚೌಕಟ್ಟುಗಳಲ್ಲಿ ಜಿನರೂ ದೇವತೆಗಳೂ ಮಾತ್ರವಲ್ಲ, ಮುನಿಗಳೂ ಭಕ್ತರೂ ಇದ್ದಾರೆ. ಬಿಂಬಕ್ಕೆ ಭಕ್ತನ ಚಿತ್ರ ಬೇಕಿಲ್ಲ. ಭಕ್ತ ಎದುರಿಗೆ ಬಂದು ನಿಲ್ಲುತ್ತಾನೆ. ಚಿತ್ರದೊಳಗೇ ಭಕ್ತ ಬಂದರೆ ಅಲ್ಲಿ ನಡೆದ ಒಂದು ಕ್ರಿಯೆ ದಾಖಲಾಗಿದೆ ಎಂದು ಅರ್ಥ. ಯಾರೋ ಯಾರಿಗೋ ಏನನ್ನೋ ಸಲ್ಲಿಸಿದ್ದಾರೆ. ಯುರೋಪಿನ ಮಧ್ಯಯುಗದ ಪ್ರಾರ್ಥನಾ ಪುಸ್ತಕಗಳಲ್ಲಿ ಹಣ ಕೊಟ್ಟು ಬರೆಸಿದವರು ಮೇರಿಮಾತೆಯ ಮುಂದೆ ಮಂಡಿಯೂರಿ ಕುಳಿತ ಚಿತ್ರ ಇರುತ್ತದೆ. ಅಂಚಿನಲ್ಲಿ ಅವರ ಮನೆತನದ ಲಾಂಛನ ಇರುತ್ತದೆ. ಪುಸ್ತಕ ಕೈ ಬದಲಾದಾಗ ಹೊಸ ಒಡೆಯರು ಹಳೆಯ ಲಾಂಛನದ ಮೇಲೆ ತಮ್ಮದನ್ನು ಬರೆಸಿದ ಉದಾಹರಣೆಗಳು ಎಷ್ಟೋ ಇವೆ. ಅಲ್ಲಿ ಅಲಂಕಾರವೇ ಒಡೆತನದ ಪತ್ರ. ನಮ್ಮಲ್ಲಿ ಚಿತ್ರ ಆ ಕೆಲಸದ ಅರ್ಧವನ್ನು ಮಾಡುತ್ತದೆ, ಉಳಿದರ್ಧ ಪ್ರಶಸ್ತಿಯದು. ಪ್ರಶಸ್ತಿ ಬಿಟ್ಟು ಚಿತ್ರ ನೋಡುವವರು, ಚಿತ್ರ ಬಿಟ್ಟು ಪ್ರಶಸ್ತಿ ಓದುವವರು ಇಬ್ಬರೂ ಅರ್ಧ ಪತ್ರ ಹಿಡಿದು ವಾದಿಸುತ್ತಾರೆ.

ಪ್ರಶಸ್ತಿ ಹೇಳುವುದು ಇಷ್ಟು. ಧವಲದ ಪ್ರತಿಯನ್ನು ಮಂಡಲಿನಾಡಿನ ಭುಜಬಲ ಗಂಗ ಪೆರ್ಮಾಡಿಯ ಮನೆತನದ ಹಿರಿಯ ಹೆಣ್ಣುಮಗಳು ದೇಮಿಯಕ್ಕ ತನ್ನ ಶ್ರುತಪಂಚಮಿ ವ್ರತದ ಉದ್ಯಾಪನೆಯ ಸಂದರ್ಭದಲ್ಲಿ ಬನ್ನಿಕೆರೆಯ ಚೈತ್ಯಾಲಯದ ಆಚಾರ್ಯ ಶುಭಚಂದ್ರ ಸಿದ್ಧಾಂತದೇವರಿಗೆ ಸಮರ್ಪಿಸಿದಳು. ಶುಭಚಂದ್ರರು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಗುರುಗಳು. 1123ರಲ್ಲಿ ಅವರು ಮುಡಿಪಿದ್ದನ್ನು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ದಾನ ನಡೆದದ್ದು ಅದಕ್ಕಿಂತ ಮುಂಚೆ, ಆ ಶತಮಾನದ ಎರಡನೆಯ ದಶಕದ ಆಸುಪಾಸಿನಲ್ಲಿ. ಮಹಾಬಂಧದ ಪ್ರತಿಯನ್ನು ಸೇನನ ಪತ್ನಿ ಮಲ್ಲಿಕಬ್ಬೆ ಇಂಥದೇ ಪಂಚಮಿ ವ್ರತದ ಉದ್ಯಾಪನೆಯಲ್ಲಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಈ ಎರಡು ಪ್ರಶಸ್ತಿಗಳಲ್ಲಿ ವಾದಕ್ಕೆ ಬೇಕಾದ ಎಲ್ಲ ಸಾಮಗ್ರಿ ಇದೆ: ಕೊಟ್ಟವರು ಯಾರು, ಪಡೆದವರು ಯಾರು, ಸಂದರ್ಭ ಯಾವುದು.

ಸಂದರ್ಭದಿಂದ ಆರಂಭಿಸೋಣ. ಶ್ರುತಪಂಚಮಿ ಜ್ಯೇಷ್ಠ ಶುದ್ಧ ಪಂಚಮಿಯ ದಿನ. ಷಟ್ಖಂಡಾಗಮದ ರಚನೆ ಮುಗಿದು, ಬರೆದ ಗ್ರಂಥಕ್ಕೆ ಸಂಘವೆಲ್ಲ ಸೇರಿ ಪೂಜೆ ಸಲ್ಲಿಸಿದ ದಿನ ಅದು ಎಂಬ ನಂಬಿಕೆಯಿಂದಲೇ ಆ ಆಚರಣೆ ಹುಟ್ಟಿದೆ. ಅಂದರೆ ಒಬ್ಬ ಮುದುಕರ ನೆನಪಿನಲ್ಲಿ ಅಳಿದುಹೋಗಲಿದ್ದ ವಿದ್ಯೆ ಬರವಣಿಗೆಗೆ ಇಳಿದು ಉಳಿಯಿತಲ್ಲ, ಆ ಘಟನೆಯ ಹಬ್ಬ ಅದು. ದೇಮಿಯಕ್ಕ ಆ ವ್ರತದ ಕೊನೆಗೆ ಬೇರೆ ಯಾವ ಗ್ರಂಥವನ್ನೂ ಆರಿಸಿಕೊಳ್ಳದೆ ಹಬ್ಬಕ್ಕೆ ಕಾರಣವಾದ ಗ್ರಂಥವನ್ನೇ, ಅದರ ವ್ಯಾಖ್ಯಾನ ಸಹಿತ, ಮತ್ತೆ ಬರೆಸಿದಳು. ಈ ಪೂಜೆಯ ಅರ್ಥವೇ ಪ್ರತಿ ಮಾಡುವುದು, ಮುಂದಿನವರ ಕೈಗೆ ದಾಟಿಸುವುದು. ಆಹಾರ, ಔಷಧ, ಅಭಯಗಳ ಸಾಲಿನಲ್ಲಿ ಶಾಸ್ತ್ರದಾನವನ್ನು ಎಣಿಸುವ ಸಮಾಜದಲ್ಲಿ ಇದು ಅಪರೂಪದ ನಡೆಯಲ್ಲ. ಅವಳಿಗಿಂತ ನೂರಕ್ಕೂ ಹೆಚ್ಚು ವರ್ಷ ಹಿಂದೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸುದ್ದಿ ಕನ್ನಡಿಗರಿಗೆಲ್ಲ ಗೊತ್ತು. ಉಣ್ಣದೆ ಇಡುವುದಕ್ಕೆ ಯಾರೂ ಅನ್ನದಾನ ಮಾಡುವುದಿಲ್ಲ.

ಪಡೆದವರ ಕಡೆ ನೋಡಿದರೆ ವಾದ ಇನ್ನೂ ಬಿಗಿಯಾಗುತ್ತದೆ. ದಾನ ಎಂದರೆ ಸ್ವತ್ವತ್ಯಾಗ. ಕೊಟ್ಟ ಮೇಲೆ ಕೊಟ್ಟವರ ಮಾತು ಅಲ್ಲಿಗೆ ಮುಗಿಯಿತು, ಪಡೆದವರೇ ಒಡೆಯರು ಎಂದು ಯಾರಾದರೂ ಹೇಳಬಹುದು. ಸಾಮಾನ್ಯ ದಾನಕ್ಕೆ ಇದು ಸರಿ. ಇಲ್ಲಿ ಪಡೆದವರು ದಿಗಂಬರ ಮುನಿ. ಮೈಮೇಲೆ ಬಟ್ಟೆಯನ್ನೂ ಇಟ್ಟುಕೊಳ್ಳದ ನಿರ್ಗ್ರಂಥ. ಅವರ ಕೈಯಲ್ಲಿ ಇರಬಹುದಾದ ವಸ್ತುಗಳು ಮೂರೇ ಎಂದು ಆಚಾರಶಾಸ್ತ್ರ ಗೆರೆ ಎಳೆದಿದೆ: ಜೀವದಯೆಗೆ ಪಿಂಛ, ಶುಚಿಗೆ ಕಮಂಡಲು, ಅರಿವಿಗೆ ಶಾಸ್ತ್ರ. ಮೊದಲನೆಯದು ಸಂಯಮೋಪಕರಣ, ಎರಡನೆಯದು ಶೌಚೋಪಕರಣ, ಮೂರನೆಯದು ಜ್ಞಾನೋಪಕರಣ. ಮುನಿಯ ಬಳಿ ಗ್ರಂಥವಿರಲು ಸಾಧ್ಯವಾಗುವುದೇ ಅದು ಉಪಕರಣವಾಗಿರುವುದರಿಂದ. ಓದದೆ ಇಟ್ಟುಕೊಂಡರೆ ಅದು ಪರಿಗ್ರಹವಾಗುತ್ತದೆ. ಹೀಗಾಗಿ ಶುಭಚಂದ್ರರು ಈ ಗ್ರಂಥದ ಒಡೆಯರಾಗಿರಲು ಅವರ ವ್ರತವೇ ಬಿಡುವುದಿಲ್ಲ. ಅವರ ಕೈಯಿಂದ ಅದು ಶಿಷ್ಯರಿಗೆ, ಅಲ್ಲಿಂದ ಘಟ್ಟದ ಕೆಳಗಿನ ಮೂಡಬಿದಿರೆಗೆ ಬಂದಾಗ ಬಂದದ್ದು ಆ ಉಪಕರಣವನ್ನು ಕಾಯುವ ಹೊಣೆ ಮಾತ್ರ. ತನ್ನಲ್ಲಿಲ್ಲದ ಸ್ವತ್ವವನ್ನು ಯಾರೂ ಮುಂದಕ್ಕೆ ದಾಟಿಸಲಾರರು. ಭೂಮಿ, ಕಾಣಿಕೆ, ಉಂಬಳಿಗಳನ್ನು ನಿರ್ವಹಿಸುವ ಭಟ್ಟಾರಕ ಪೀಠಗಳು ಬೆಳೆದ ಮೇಲೆ ಮಠದ ಆಸ್ತಿ ಎಂಬ ಕಲ್ಪನೆ ಗಟ್ಟಿಯಾಯಿತು. ಗ್ರಂಥಗಳೂ ಆ ಲೆಕ್ಕಕ್ಕೆ ಸೇರಿಹೋದವು. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಿಲ್ಲ. ಆದರೂ ನಂತರದ ಲೆಕ್ಕಪುಸ್ತಕದಿಂದ ಮೊದಲಿನ ದಾನದ ಸ್ವರೂಪ ಬದಲಾಗುವುದಿಲ್ಲ.

ಒಂದು ಗಂಭೀರ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಸಿದ್ಧಾಂತ ಗ್ರಂಥಗಳ ಅಧ್ಯಯನಕ್ಕೆ ಗೃಹಸ್ಥರಿಗೆ ಅಧಿಕಾರವಿಲ್ಲವೆಂದು ವಸುನಂದಿ, ಆಶಾಧರ ಮುಂತಾದವರ ಶ್ರಾವಕಾಚಾರ ಗ್ರಂಥಗಳು ಹೇಳುತ್ತವೆ. ದೇಮಿಯಕ್ಕ ಕೊಟ್ಟದ್ದೂ ಮುನಿಗೇ. ಹಾಗಾದರೆ ದಾನದ ಷರತ್ತಿನಲ್ಲೇ ಮುನಿಗಳು ಮಾತ್ರ ಓದಬೇಕೆಂಬುದು ಅಡಗಿದೆ, ಬಸದಿಯವರು ಪಾಲಿಸಿದ್ದು ಅದನ್ನೇ ಅಲ್ಲವೆ? ಇದಕ್ಕೆ ನನ್ನ ಉತ್ತರ ಎರಡು. ಒಂದು, ಆ ನಿಷೇಧ ಎಲ್ಲ ಕಾಲಕ್ಕೂ ಎಲ್ಲರೂ ಒಪ್ಪಿದ್ದಾಗಿರಲಿಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಇದೇ ಸಿದ್ಧಾಂತದ ಸಾರವನ್ನು ಗೊಮ್ಮಟಸಾರ ಎಂಬ ಹೆಸರಿನಲ್ಲಿ ಸಂಗ್ರಹಿಸಿದ್ದು ಗಂಗರ ಮಂತ್ರಿ ಚಾವುಂಡರಾಯನಿಗಾಗಿ. ಅವನು ಗೃಹಸ್ಥ, ಯುದ್ಧ ಮಾಡಿದವನು. 1359ರಲ್ಲಿ ಕೇಶವವರ್ಣಿ ಆ ಗೊಮ್ಮಟಸಾರಕ್ಕೆ ಕನ್ನಡದಲ್ಲೇ ಟೀಕೆ ಬರೆದ. ರಹಸ್ಯವೇ ಆಗಿದ್ದರೆ ಅದರ ಸಾರವನ್ನು ದಂಡನಾಯಕನಿಗೆ ಕೊಟ್ಟು, ಟೀಕೆಯನ್ನು ದೇಶಭಾಷೆಯಲ್ಲಿ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಎರಡು, ನಿಷೇಧವನ್ನು ಅಕ್ಷರಶಃ ಒಪ್ಪಿದರೂ ಅದು ಬೀಗವನ್ನು ಸಮರ್ಥಿಸುವುದಿಲ್ಲ. ಮುನಿಗಳಾದರೂ ಓದುತ್ತಿದ್ದಾರೆ ಎಂದರೆ ಷರತ್ತು ಪಾಲನೆಯಾಯಿತು ಎನ್ನಬಹುದಿತ್ತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಅಲ್ಲಿ ಆ ಗರಿಗಳನ್ನು ಓದಬಲ್ಲವರೇ ಇರಲಿಲ್ಲ. ಕಾಣಿಕೆ ಸಲ್ಲಿಸಿ, ರತ್ನಬಿಂಬಗಳ ಜೊತೆಗೆ ಗ್ರಂಥವನ್ನೂ ನೋಡಿ ಕೈಮುಗಿಯುವ ಸಿದ್ಧಾಂತ ದರ್ಶನವಷ್ಟೇ ಉಳಿದಿತ್ತು.

ಇಲ್ಲೇ ಎರಡನೆಯ ಅಭಿಪ್ರಾಯವನ್ನೂ ಪರೀಕ್ಷಿಸಬೇಕು. ಬೀಗ ಹಾಕಿದ್ದರಿಂದ ಓದು ನಿಂತಿತು ಎಂದು ಆಧುನಿಕರು ಹೇಳುತ್ತಾರೆ. ಕಾಲಕ್ರಮ ನೋಡಿದರೆ ಕಾರಣಕಾರ್ಯ ತಲೆಕೆಳಗಾಗಿ ಕಾಣುತ್ತದೆ. ಗೊಮ್ಮಟಸಾರ ಬಂದ ಮೇಲೆ ಪಾಠಕ್ಕೆ ಅದೇ ಸಾಕಾಯಿತು. ಎಪ್ಪತ್ತೆರಡು ಸಾವಿರ ಶ್ಲೋಕ ಪ್ರಮಾಣದ ವ್ಯಾಖ್ಯಾನವನ್ನು ಹಿಡಿಯುವ ಬದಲು ಸುಮಾರು ಹದಿನೇಳು ನೂರು ಗಾಹೆಗಳ ಸಂಗ್ರಹವನ್ನು ಬಾಯಿಪಾಠ ಮಾಡುವುದನ್ನು ವಿದ್ಯಾರ್ಥಿಗಳು ಆರಿಸಿಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ಗೈಡು ಬಂದ ಮೇಲೆ ಪಠ್ಯಪುಸ್ತಕಕ್ಕೆ ಆಗುವ ಗತಿ ಇಂದೂ ಅದೇ. ಓದುವವರು ಕಡಿಮೆಯಾದಂತೆ ಪ್ರತಿ ಮಾಡುವವರೂ ಕಡಿಮೆಯಾದರು, ಅಕ್ಷರದ ರೂಪ ಬದಲಾಗಿ ಹಳೆಯ ಬರಹ ಕಣ್ಣಿಗೆ ಅಪರಿಚಿತವಾಯಿತು, ಉಳಿದ ಕೆಲವೇ ಪ್ರತಿಗಳು ಅಪರೂಪವಾದವು, ಅಪರೂಪವಾದದ್ದಕ್ಕೆ ಬೀಗ ಬಿತ್ತು. ಉತ್ತರ ಭಾರತದ ಜೈನ ಪಂಡಿತರು ಗೊಮ್ಮಟಸಾರವನ್ನು ಓದಿಕೊಂಡೇ ಇದ್ದರು. ಧವಲದ ಹೆಸರು ಮಾತ್ರ ಕೇಳಿ ಬಲ್ಲರು. ಬೀಗ ಹಾಕಿದವರನ್ನು ಜ್ಞಾನದ ಶತ್ರುಗಳೆಂದು ಚಿತ್ರಿಸುವುದು ಓದದೆ ಬಿಟ್ಟ ಇಡೀ ಸಮುದಾಯದ ಹೊಣೆಯನ್ನು ಒಂದು ಊರಿನ ತಲೆಗೆ ಕಟ್ಟಿದಂತೆ.

ನಕಲಿನ ಕಥೆಗೂ ಇದೇ ನ್ಯಾಯ. 1883ರಲ್ಲಿ ಮುಂಬೈಯ ಸೇಠ್ ಮಾಣಿಕಚಂದ್ ಯಾತ್ರೆಗೆ ಬಂದು ಈ ಗರಿಗಳ ದರ್ಶನ ಮಾಡಿದರು. ಓದಬಲ್ಲವರು ಯಾರೆಂದು ವಿಚಾರಿಸಿದಾಗ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳ ಹೆಸರು ಸಿಕ್ಕಿತು. ಸೊಲ್ಲಾಪುರದ ಹೀರಾಚಂದ್ ನೇಮಚಂದರೂ ಸೇರಿ, ಹಣ ಕೂಡಿಸಿ, ಮೂಡಬಿದಿರೆಯವರನ್ನು ಒಪ್ಪಿಸಿ, 1896ರ ಸುಮಾರಿಗೆ ಪ್ರತಿ ಮಾಡಿಸುವ ಕೆಲಸ ಶುರುವಾಯಿತು. ಒಪ್ಪಂದ ಸ್ಪಷ್ಟವಿತ್ತು: ಹಳೆಯ ಗರಿ ನಾಶವಾದರೂ ಗ್ರಂಥ ಉಳಿಯಲೆಂದು ಪ್ರತಿ, ಅದೂ ಮೂಡಬಿದಿರೆಯಲ್ಲೇ ಇರಬೇಕು. ಬ್ರಹ್ಮಸೂರಿ ಶಾಸ್ತ್ರಿಗಳು ನಡುವೆ ತೀರಿಕೊಂಡ ಮೇಲೆ ಮಿರಜಿನ ಗಜಪತಿ ಉಪಾಧ್ಯಾಯರು ಮುಂದುವರಿಸಿದರು. ಹಗಲು ನಾಗರಿಯಲ್ಲಿ ಒಪ್ಪಂದದ ಪ್ರತಿ ಬರೆಯುತ್ತಲೇ ಪತ್ನಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡರು. ಅದನ್ನು ಹೀರಾಚಂದರಿಗೂ ಮಾಣಿಕಚಂದರಿಗೂ ತೋರಿಸಿದಾಗ ಇಬ್ಬರೂ ಕೊಳ್ಳಲಿಲ್ಲ. ಕೊನೆಗೆ ಸಹಾರನ್‌ಪುರದ ಲಾಲಾ ಜಂಬೂಪ್ರಸಾದರು ಕೊಂಡರು. ಅಲ್ಲಿ ನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿ ಮತ್ತೆ ತಮಗೊಂದು ಗುಟ್ಟಿನ ಪ್ರತಿ ಇಟ್ಟುಕೊಂಡರು. ಅದರಿಂದಲೇ ಆರಾ, ಕಾರಂಜಾ, ಸಾಗರ ಮುಂತಾದ ಕಡೆ ಪ್ರತಿಗಳು ಹಬ್ಬಿದವು. ವಿದರ್ಭದ ಅಮರಾವತಿಯ ಪ್ರಾಧ್ಯಾಪಕ ಹೀರಾಲಾಲ ಜೈನರು 1939ರಲ್ಲಿ ಧವಲದ ಮೊದಲ ಸಂಪುಟ ಅಚ್ಚು ಹಾಕಿದ್ದು ಇಂಥ ಪ್ರತಿಗಳನ್ನು ಆಧರಿಸಿ. 1950ರ ದಶಕದ ಕೊನೆಯ ಹೊತ್ತಿಗೆ 16 ಸಂಪುಟಗಳು ಬಂದವು.

ಗಜಪತಿ ಉಪಾಧ್ಯಾಯರು ಕದ್ದರೇ? ಕದ್ದರು ಎನ್ನುವವರು ಏನನ್ನು ಕದ್ದರೆಂದು ಹೇಳಬೇಕು. ಒಂದು ಗರಿಯೂ ಕಾಣೆಯಾಗಲಿಲ್ಲ, ಒಂದು ಚಿತ್ರವೂ ಹರಿಯಲಿಲ್ಲ. ಕದಿಯಲಿಲ್ಲ ಎನ್ನುವವರು ಮುರಿದ ಮಾತಿಗೆ ಲೆಕ್ಕ ಕೊಡಬೇಕು. ನಂಬಿಕೆಯ ಮೇಲೆ ಒಳಗೆ ಬಿಟ್ಟವರಿಗೆ ಅವರು ದ್ರೋಹ ಮಾಡಿದರು, ಅದನ್ನು ಹಣಕ್ಕೆ ಮಾರಿದರು. ಪ್ರತಿ ಮಾಡಿಸಲು ವರ್ಷಗಟ್ಟಲೆ ಶ್ರಮಿಸಿದ ಇಬ್ಬರು ಸೇಠರೇ ಆ ಕೊಳ್ಳುವಿಕೆಗೆ ಕೈ ಹಾಕಲಿಲ್ಲ ಎಂಬುದು ಆ ಕಾಲದ ಸಭ್ಯರ ತೀರ್ಪು. ಅದೇ ಉಸಿರಿನಲ್ಲಿ, ಪ್ರತಿ ಹೊರಗೆ ಹೋಗಕೂಡದು ಎಂಬ ಒಪ್ಪಂದವೇ ಶಾಸ್ತ್ರದಾನದ ಷರತ್ತಿಗೆ ವಿರುದ್ಧವಾಗಿತ್ತು ಎಂದೂ ಹೇಳಬೇಕು. ತಪ್ಪು ಕರಾರನ್ನು ತಪ್ಪು ರೀತಿಯಲ್ಲಿ ಮುರಿದರು. ಫಲ ಒಳ್ಳೆಯದಾಯಿತೆಂದು ನಡೆಯನ್ನು ಪಾವನ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ಇಷ್ಟಕ್ಕೂ ಆ ಫಲ ಪೂರ್ತಿ ಒಳ್ಳೆಯದಾದದ್ದೂ ಕಳ್ಳಪ್ರತಿಯಿಂದಲ್ಲ.

ಅದಕ್ಕೆ ಸಾಕ್ಷಿ ಜೀವಸ್ಥಾನದ 93ನೆಯ ಸೂತ್ರ. ಮನುಷ್ಯ ಸ್ತ್ರೀಯರಿಗೆ ಯಾವ ಯಾವ ಗುಣಸ್ಥಾನಗಳು ಹೇಗೆ ಸಲ್ಲುತ್ತವೆ ಎಂದು ಹೇಳುವ ಸೂತ್ರ ಅದು. ಹೀರಾಲಾಲರ ಕೈಯಲ್ಲಿದ್ದ ಪ್ರತಿಗಳಲ್ಲಿ ಅಲ್ಲಿ 'ಸಂಜದ' ಎಂಬ ಪದ ಇರಲಿಲ್ಲ. ಸಂಜದ ಎಂದರೆ ಸಂಯತ, ಪೂರ್ಣ ಸಂಯಮದ ಮುನಿಸ್ಥಿತಿ. ವ್ಯಾಖ್ಯಾನದ ಜಾಡು ನೋಡಿದರೆ ಆ ಪದ ಅಲ್ಲಿರಲೇಬೇಕೆಂದು ಸಂಪಾದಕರಿಗೆ ತೋರಿತು. ಅಡಿಟಿಪ್ಪಣಿಯಲ್ಲಿ ಹಾಗೆ ಸೂಚಿಸಿದರು. ದೊಡ್ಡ ವಿವಾದವೆದ್ದಿತು. ಪದ ಇದ್ದರೆ ಸ್ತ್ರೀಗೆ ಮುನಿಸ್ಥಿತಿಯನ್ನು ಒಪ್ಪಿದಂತಾಗುತ್ತದೆ, ದಿಗಂಬರ ನಿಲುವಿಗೆ ಅದು ಹೊಂದುವುದಿಲ್ಲ ಎಂದು ಕೆಲವರು. ಸೂತ್ರ ಹೇಳುತ್ತಿರುವುದು ದೇಹದ ಸ್ತ್ರೀತ್ವವನ್ನಲ್ಲ, ಭಾವದ ಸ್ತ್ರೀತ್ವವನ್ನು, ಆದ್ದರಿಂದ ಪದ ಇದ್ದರೂ ಬಾಧಕವಿಲ್ಲ ಎಂದು ಕೆಲವರು. ತೀರ್ಮಾನಕ್ಕೆ ಮೂಲ ಗರಿಯನ್ನೇ ನೋಡಬೇಕಾಯಿತು. ಮೂಡಬಿದಿರೆಯ ತಾಳೆಗರಿಯಲ್ಲಿ ಪದ ಇತ್ತು. ನಕಲಿನಿಂದ ನಕಲಿಗೆ ಇಳಿಯುವಾಗ ಅದು ಬಿದ್ದುಹೋಗಿತ್ತು. ಆಚಾರ್ಯ ಶಾಂತಿಸಾಗರರ ಪ್ರೇರಣೆಯಿಂದ ಧವಲವನ್ನು ತಾಮ್ರಪಟಗಳ ಮೇಲೆ ಕೊರೆಸುವಾಗ ಈ ಪದ ಇರಬೇಕೋ ಬೇಡವೋ ಎಂಬ ಜಗಳ ಮತ್ತೆ ಎದ್ದಿತು. ಸ್ತ್ರೀಯ ಸಂಯಮದ ಬಗೆಗಿನ ಆ ಪದವನ್ನು ಎಂಟು ಶತಮಾನ ಕಾದುಕೊಂಡು ಬಂದ ದಾನಪರಂಪರೆಯ ಮೊದಲಲ್ಲಿ ದೇಮಿಯಕ್ಕ, ಮಲ್ಲಿಕಬ್ಬೆಯರಂಥ ಹೆಂಗಸರು ನಿಂತಿದ್ದಾರೆ ಎಂಬುದನ್ನು ವಾದಿಸಿದ ಪಂಡಿತರಲ್ಲಿ ಎಷ್ಟು ಜನ ಗಮನಿಸಿದರೋ. ಇರಲಿ. ಇಲ್ಲಿ ಮುಖ್ಯವಾದದ್ದು, ಗರಿ ಮತ್ತು ಪಠ್ಯ ಎರಡನ್ನೂ ಬೇರ್ಪಡಿಸಿ, ಪಠ್ಯ ಹೊರಬಂದ ಮೇಲೆ ಗರಿ ಬರೀ ಪಳೆಯುಳಿಕೆ ಎಂದುಕೊಂಡ ಆಧುನಿಕರ ಲೆಕ್ಕ ತಪ್ಪಿತು ಎಂಬುದು. ಗರಿ ಓದಲು ಸಿಗದಿದ್ದರೆ ಪಠ್ಯವೂ ಸರಿಯಿರುವುದಿಲ್ಲ. ಮೂರನೆಯ ಸಂಪುಟದಿಂದ ಮೂಡಬಿದಿರೆಯವರೇ ಮನಸ್ಸು ಮಾಡಿ ಮೂಲ ಗರಿಗಳೊಂದಿಗೆ ತಾಳೆ ನೋಡಲು ಅವಕಾಶ ಕೊಟ್ಟರು. ಅಚ್ಚಿನ ಧವಲ ನಂಬತಕ್ಕದ್ದಾದದ್ದು ಆಮೇಲೆ. ಬಾಗಿಲು ತೆರೆದದ್ದು ಕೀಲಿ ಇದ್ದವರೇ.

ಬಸದಿಯವರ ಪರವಾಗಿ ಹೇಳಲೇಬೇಕಾದ ಮಾತು ಇನ್ನೊಂದಿದೆ. ಚಿತ್ರಿತ ಗ್ರಂಥ ಪೇಟೆಗೆ ಬಿದ್ದರೆ ಏನಾಗುತ್ತದೆಂಬುದು ಗುಟ್ಟಲ್ಲ. ಅಮೆರಿಕದ ಆಟೋ ಎಗೆ ಎಂಬಾತ ಕಳೆದ ಶತಮಾನದ ಮೊದಲರ್ಧದಲ್ಲಿ ಯುರೋಪಿನ ಮಧ್ಯಯುಗದ ಗ್ರಂಥಗಳನ್ನು ಬಿಡಿಸಿ, ಹಾಳೆ ಹಾಳೆಯಾಗಿ ಪೆಟ್ಟಿಗೆಗಳಲ್ಲಿ ಜೋಡಿಸಿ ಮಾರಿದ. ಬಡ ಕಾಲೇಜುಗಳಿಗೂ ಒಂದೊಂದು ಹಾಳೆ ಸಿಗಲಿ ಎಂಬುದು ಅವನ ಸಮರ್ಥನೆ. ಕಲ್ಪಸೂತ್ರದ ಎಷ್ಟೋ ಪ್ರತಿಗಳ ಹಾಳೆಗಳು ಹೀಗೆಯೇ ಲೋಕದ ವಸ್ತುಸಂಗ್ರಹಾಲಯಗಳಲ್ಲಿ ಒಂಟಿಯಾಗಿ ತೂಗಿವೆ. ಚಿತ್ರವಿಲ್ಲದ ಹಾಳೆ, ದಾನಿಯ ಹೆಸರಿದ್ದ ಕೊನೆಯ ಹಾಳೆ ಎಲ್ಲಿ ಹೋದವೆಂದು ಕೇಳುವವರಿಲ್ಲ. ಧವಲದ ಚಿತ್ರಗಳ ಜೊತೆಗೆ ಪ್ರಶಸ್ತಿಯೂ ಉಳಿದಿರುವುದು, ಈ ಲೇಖನದ ವಾದ ಸಾಧ್ಯವಾಗಿರುವುದು ಬೀಗದ ಉಪಕಾರದಿಂದಲೇ. ಕಾಪಾಡಿದವರ ಋಣ ದೊಡ್ಡದು. ಆದರೂ ಕಾಯುವುದರಿಂದ ಗೌರವ ಸಲ್ಲುತ್ತದೆ, ಒಡೆತನ ಹುಟ್ಟುವುದಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯೂ ಈ ಪ್ರಶ್ನೆಗೆ ಉತ್ತರವಲ್ಲ. 75 ವರ್ಷಕ್ಕೂ ಹಳೆಯದಾದ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿಯನ್ನು ಅದು ಪ್ರಾಚ್ಯವಸ್ತು ಎಂದು ಗುರುತಿಸಿ ಹೊರದೇಶಕ್ಕೆ ಸಾಗಿಸುವುದನ್ನು ತಡೆಯುತ್ತದೆ. ಓದಿಸಬೇಕೋ ಬೇಡವೋ ಎಂಬುದರ ಗೊಡವೆಗೆ ಹೋಗುವುದಿಲ್ಲ.

ಹಾಗಾದರೆ ವ್ಯವಹಾರದಲ್ಲಿ ಏನು ಮಾಡಬೇಕು? ಗರಿಗೆ ಬೀಗ ಬೇಕು. ಬೆಳಕು, ತೇವ, ಹುಳ, ಕೈಯ ಬೆವರು ಎಲ್ಲದರಿಂದ ಅದನ್ನು ಕಾಯಬೇಕು, ಆ ಕೆಲಸ ಮೂಡಬಿದಿರೆಯಲ್ಲೇ ನಡೆಯಲಿ. ಗರಿಯ ಛಾಯಾಚಿತ್ರಕ್ಕೆ ಬೀಗ ಹಾಕುವುದಕ್ಕೆ ಕಾರಣವಿಲ್ಲ. ಪ್ರತಿ ಮಾಡಿಸುವುದೇ ಪೂಜೆಯೆಂದು ನಂಬಿದ ವ್ರತದಿಂದ ಬಂದ ವಸ್ತು ಅದು. ಇಡೀ ಗ್ರಂಥದ ಸ್ಪಷ್ಟ ಚಿತ್ರಗಳು ಓದುಗರ ಕೈಗೆ ಸಿಕ್ಕರೆ ಶ್ರುತಪಂಚಮಿಯ ಮರ್ಯಾದೆಗೆ ಕುಂದಾಗುವುದಿಲ್ಲ. 1948ರಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಕನ್ನಡನಾಡಿನ ಜೈನ ಭಂಡಾರಗಳ ತಾಳೆಗರಿ ಗ್ರಂಥಸೂಚಿ ಪ್ರಕಟಿಸಿ ಯಾವುದು ಎಲ್ಲಿದೆ ಎಂದು ಲೋಕಕ್ಕೆ ತಿಳಿಸಿದಾಗ ಹಾಕಿಕೊಟ್ಟ ದಾರಿಯೂ ಅದೇ.

ಕಲಾ ಇತಿಹಾಸದ ಪುಸ್ತಕ ಬರೆಯುವವರಿಗೂ ಒಂದು ಮಾತು. ಈ ಚಿತ್ರಗಳ ಕೆಳಗೆ 'ಹೊಯ್ಸಳ ಚಿತ್ರಕಲೆ, ಹನ್ನೆರಡನೆಯ ಶತಮಾನ' ಎಂದು ಹಾಕಿ ಕೈತೊಳೆದುಕೊಳ್ಳುವುದು ರೂಢಿಯಾಗಿದೆ. ದಾನ ಪಡೆದ ಗುರುಗಳ ಸಂಬಂಧ ನೋಡಿದರೆ ಹೊಯ್ಸಳ ಎಂಬುದು ಒಪ್ಪುವ ಮಾತೇ. ಕೊಟ್ಟವಳ ಕಡೆಯಿಂದ ನೋಡಿದರೆ ಮಂಡಲಿನಾಡಿನ ಗಂಗರು ಆಗ ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಯಾವ ಅರಸನೂ ಈ ಗ್ರಂಥಗಳನ್ನು ಬರೆಸಿದ್ದಾಗಿ ಆ ಪ್ರಶಸ್ತಿಗಳು ಹೇಳುವುದಿಲ್ಲ. ರಾಜವಂಶದ ಹೆಸರು ಮೇಲೆ ಬಂದಾಗ ದಾನಿಯ ಹೆಸರು ಅಳಿಯುತ್ತದೆ, ದಾನ ಎಂಬುದೇ ಮರೆಯಾಗುತ್ತದೆ, ಉಳಿಯುವುದು ಒಡೆಯ ಯಾರೆಂಬ ಜಗಳ. ಇನ್ನು ಮುಂದೆ ಈ ಗರಿಗಳ ಚಿತ್ರ ಅಚ್ಚು ಹಾಕುವವರು ಅದೇ ಗ್ರಂಥದ ಪ್ರಶಸ್ತಿಯ ಗರಿಯನ್ನೂ ಜೊತೆಗೆ ಅಚ್ಚು ಹಾಕಲಿ. ಅಡಿಬರಹದಲ್ಲಿ ಧವಲಕ್ಕೆ ದೇಮಿಯಕ್ಕನ ಹೆಸರನ್ನೂ ಮಹಾಬಂಧಕ್ಕೆ ಮಲ್ಲಿಕಬ್ಬೆಯ ಹೆಸರನ್ನೂ, ಕೊಟ್ಟದ್ದು ಯಾವ ವ್ರತದ ಉದ್ಯಾಪನೆಗೆ ಎಂಬುದನ್ನೂ ಬರೆಯಲಿ.